ಬದಲಿಸಿದ್ದು ಮೂರು, ಕೆಟ್ಟದ್ದು ಯಾವುದು?

ಶಿವಮೊಗ್ಗ,
ಭಾನುವಾರ

ಚಿ. ಮೇಘನಾಳಿಗೆ ಅತ್ತೆಯ ಶುಭಾಶೀರ್ವಾದಗಳು.

ಮಾವನ ಮಂಡಿನೋವು ಮೊದಲಿಗಿಂತ ವಾಸಿ, ಬೆಳಿಗ್ಗೆ ಒಂದಿಷ್ಟು ದೂರ ನಡೆದು ಬರುತ್ತಾರೆ. ನೀನು ಕಳಿಸಿದ ಮೆಸೇಜನ್ನೂ ಫೋಟೋಗಳನ್ನೂ ನಿಧಾನವಾಗಿ ನೋಡಿದೆ. ಫೋನಿನಲ್ಲಿ ಹೇಳಿದ್ದು ಕೆಲಸದ ಮಧ್ಯೆ ನೆನಪಿಗೆ ಬರುವುದಿಲ್ಲ. ಕಾಗದ ಪಕ್ಕದಲ್ಲಿದ್ದರೆ ಒಂದು ಸಾಲು ಓದಿ, ಒಂದು ಸ್ಕ್ರೂ ಬಿಚ್ಚಿ, ಮತ್ತೆ ಓದಬಹುದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿಮ್ಮಪ್ಪನ ಮಾತು. "ಚೆನ್ನಾಗಿದ್ದ ಕಂಪ್ಯೂಟರನ್ನು ಕೆಡಿಸಿಟ್ಟಳು" ಎಂದನಂತೆ. ಅಂಗಡಿಯ ಲೆಕ್ಕ ನಿಂತುಹೋದರೆ ಅವನಿಗೆ ಕಷ್ಟವೇ, ಆ ಸಿಟ್ಟು ಅಲ್ಲಿಂದ ಬಂದದ್ದು. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಣೇ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನಿವೃತ್ತಿಯಾಗುವ ತನಕ ಹುಡುಗ ಹುಡುಗಿಯರ ಕೈಗೆ ಸ್ಕ್ರೂಡ್ರೈವರ್ ಕೊಟ್ಟವಳು ನಾನು. ಕೆಟ್ಟೀತೆಂದು ಮುಟ್ಟದೆ ನಿಂತವರಿಗಿಂತ ಬಿಚ್ಚಿ ನೋಡಿದವರೇ ಕೆಲಸ ಕಲಿತರು. ನೀನು ಬಿಚ್ಚಿದೆ, ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟೆ. ಆ ಫೋಟೋಗಳು ಇಲ್ಲದಿದ್ದರೆ ಇಲ್ಲಿ ಕೂತು ನಾನು ಏನನ್ನೂ ಹೇಳುವಂತಿರಲಿಲ್ಲ.

ನೀನು ಬರೆದಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. 2017ರಲ್ಲಿ ಜೋಡಿಸಿದ ಯಂತ್ರ. ಏಳನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 8 ಜಿಬಿಯ ಎರಡು ರ್‍ಯಾಮ್, ಒಂದು ಎಂ.2 ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ತಂದೆ. ಮೂರನ್ನೂ ಒಂದೇ ಮಧ್ಯಾಹ್ನ ಹಾಕಿದೆ. ಡಿಸ್‌ಪ್ಲೇ ಬರಲಿಲ್ಲ. ಹಳೇ 4 ಜಿಬಿ ರ್‍ಯಾಮ್ ತೆಗೆದು, ಮದರ್‌ಬೋರ್ಡಿನ ಬಟನ್ ಸೆಲ್ಲನ್ನೂ ಬಿಚ್ಚಿ ಹಾಕಿದೆ. ಡಿಸ್‌ಪ್ಲೇ ಬಂತು, ಆದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತಿತು. ಹೊಸ ಎಸ್‌ಎಸ್‌ಡಿಯ ಮೇಲೆ ವಿಂಡೋಸನ್ನು ಹೊಸದಾಗಿ ಹಾಕಿದೆ. ಈಗ ಓಡುತ್ತದೆ. ಆದರೆ ವಿಡಿಯೋ ಎಡಿಟ್ ಮಾಡಲು ಕೂತ ಕೂಡಲೇ ತಟಕ್ಕನೆ ಆಫ್ ಆಗುತ್ತದೆ, ತಾತನ ಫೈಲು ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಮತ್ತು ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ.

ಈ ಜುಮ್ ಎನ್ನುವುದನ್ನು ನೀನು ಕೊನೆಯಲ್ಲಿ, ಅದೇನೂ ದೊಡ್ಡದಲ್ಲವೆಂಬಂತೆ ಬರೆದಿದ್ದೀಯ. ಉಳಿದದ್ದೆಲ್ಲ ಕಾಯಬಹುದು, ಇದು ಕಾಯುವಂಥದ್ದಲ್ಲ. ಯಂತ್ರಕ್ಕೆ ಕರೆಂಟು ಒದಗಿಸುವ ಎಸ್‌ಎಂಪಿಎಸ್‌ನ ಒಳಗೆ, ಕರೆಂಟು ಬರುವ ಬಾಯಲ್ಲೇ, ಕರೆಂಟಿನಲ್ಲಿನ ಗದ್ದಲ ಸೋಸುವುದಕ್ಕೆ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಮೈಗೆ. ಅರ್ಥಿಂಗ್ ಸರಿಯಿದ್ದರೆ ಅವುಗಳಿಂದ ಸೋರುವ ಅತಿ ಸಣ್ಣ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230 ವೋಲ್ಟಿನ ಅರ್ಧದಷ್ಟರಲ್ಲಿ, ಸುಮಾರು 115 ವೋಲ್ಟಿನಲ್ಲಿ, ತೇಲಿಕೊಂಡು ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ದೀಪ ಹತ್ತುತ್ತದೆ. ಆ ಸೋರಿಕೆ ಸಣ್ಣದು, ಅದೊಂದರಿಂದಲೇ ಪ್ರಾಣಕ್ಕೆ ಕುತ್ತು ಬರುವುದಿಲ್ಲ. ಆದರೆ ನಿಮ್ಮ ಮನೆಯ ಆ ಪ್ಲಗ್ಗಿನಲ್ಲಿ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ ಎಂಬುದನ್ನು ಅದು ಸಾರಿ ಹೇಳುತ್ತಿದೆ. ನಾಳೆ ಒಳಗೆ ಒಂದು ವೈರಿನ ಹೊದಿಕೆ ಕಿತ್ತು ಕ್ಯಾಬಿನೆಟ್ಟಿಗೆ ತಾಗಿದರೆ ಆಗ ಬರುವುದು ಸೋರಿಕೆಯಲ್ಲ, ಪೂರ್ತಿ 230 ವೋಲ್ಟ್.

ಮೊದಲು ಈ ತೊಂದರೆ ಇರಲಿಲ್ಲ, ಹೊಸ ಕಾರ್ಡಿನಿಂದ ಬಂತು ಎನ್ನುತ್ತೀಯ. ಮೊದಲೂ ಇತ್ತು, ಪಕ್ಕದ ಬಾಗಿಲು ಮುಚ್ಚಿತ್ತು, ಬಣ್ಣ ಬಳಿದ ತಗಡನ್ನು ಯಾರೂ ಒಳಗಿನಿಂದ ಮುಟ್ಟಿರಲಿಲ್ಲ, ಅಷ್ಟೇ. ನಿನ್ನ ಫೋಟೋದಲ್ಲಿ ಗೋಡೆಯ ಪ್ಲಗ್ಗಿಗೂ ಯುಪಿಎಸ್ಸಿಗೂ ನಡುವೆ ಬಿಳಿ ಬಣ್ಣದ ಎರಡು ಪಿನ್ನಿನ ಕನ್ವರ್ಟರ್ ಕಾಣುತ್ತದೆ. ಅರ್ಥಿಂಗ್ ತಪ್ಪಿಹೋಗಿರುವುದು ಅಲ್ಲಿಯೇ. ಅದನ್ನು ಇವತ್ತೇ ತೆಗೆದುಬಿಡು. ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಬೇಕು. ಆ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ನಿಜವಾಗಿ ಅರ್ಥ್ ವೈರ್ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ಮೀಟರಿನಲ್ಲಿ ನೋಡಿಸು. ಫೇಸಿಗೂ ಅರ್ಥಿಗೂ ನಡುವೆ 230ರ ಆಸುಪಾಸು, ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟು ತೋರಿಸಬೇಕು. ಕೆಲವರು ಸುಲಭಕ್ಕೆಂದು ಸಾಕೆಟ್ಟಿನ ಒಳಗೇ ನ್ಯೂಟ್ರಲ್‌ನಿಂದ ಅರ್ಥಿಗೆ ಒಂದು ತುಂಡು ವೈರ್ ಹಾಕಿ ಮುಗಿಸುತ್ತಾರೆ. ಹಾಗೆ ಮಾಡಲು ಬಿಡಬೇಡ. ಮುಂದೆ ಎಲ್ಲೋ ನ್ಯೂಟ್ರಲ್ ಕಡಿದುಹೋದ ದಿನ ಕ್ಯಾಬಿನೆಟ್ಟೇ ಫೇಸ್ ಆಗಿ ಕೂರುತ್ತದೆ. ಮನೆಯ ಹಿಂದೆ, ನಲ್ಲಿಯ ಪಕ್ಕ, ನಿನ್ನ ತಾತ ಇದ್ದಿಲು ಉಪ್ಪು ಹಾಕಿಸಿ ತೋಡಿಸಿದ ಅರ್ಥಿಂಗ್ ಗುಂಡಿ ಇದೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹುಯ್ಯುತ್ತಿದ್ದರು. ಈಗ ಯಾರೂ ಹುಯ್ಯುತ್ತಿಲ್ಲವೆಂದು ಕಾಣುತ್ತದೆ. ಮಣ್ಣು ಒಣಗಿದರೆ ಅರ್ಥಿಂಗ್ ಸೊರಗುತ್ತದೆ, ನಿಮ್ಮಪ್ಪನಿಗೆ ನೆನಪಿಸು.

ಇನ್ನು ಕಂಪ್ಯೂಟರಿನ ಮಾತಿಗೆ ಬರೋಣ. ಹೊಸದನ್ನು ಹಾಕಿದ ಮೇಲೆ ತೊಂದರೆ ಬಂದರೆ ಹೊಸದೇ ಕೆಟ್ಟದ್ದು ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ನೀನೂ ಕಾರ್ಡ್ ಮಾರಿದವನಿಗೆ ಫೋನ್ ಮಾಡಿ ಜಗಳವಾಡಿದೆಯಂತೆ. ಅಂಗಡಿಯಿಂದ ಕೆಟ್ಟ ಸಾಮಾನು ಬರುವುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಾನು ಕಂಡ ಮಟ್ಟಿಗೆ ಹೆಚ್ಚಿನ ಸಲ ಹೊಸದು ಸರಿಯಾಗಿಯೇ ಇರುತ್ತದೆ, ಹಳೆಯದರಲ್ಲಿ ಅಡಗಿದ್ದ ಕೊರತೆಯನ್ನು ಅದು ಹೊರಗೆ ತರುತ್ತದೆ. ಹಳೇ ಮನೆಗೆ ಮಾಳಿಗೆ ಏರಿಸಿದರೆ ಬಿರುಕು ಬಿಡುವುದು ಕೆಳಗಿನ ಗೋಡೆ. ಮಾಳಿಗೆಯ ಇಟ್ಟಿಗೆಯನ್ನು ಬೈದು ಏನು ಫಲ?

ಬಿರುಕು ಯಾವ ಗೋಡೆಯದು ಎಂದು ತಿಳಿಯಬೇಕಾದರೆ ಯಂತ್ರವನ್ನು ಅತಿ ಕಡಿಮೆ ಸಾಮಾನಿನ ಮೇಲೆ ಎಬ್ಬಿಸಬೇಕು. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಉಳಿದ ಕರೆಂಟು ಖಾಲಿ ಮಾಡು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೋ, ನೈಲಾನ್ ಬಟ್ಟೆ ಉಟ್ಟು ಈ ಕೆಲಸಕ್ಕೆ ಕೂರಬೇಡ. ಗ್ರಾಫಿಕ್ಸ್ ಕಾರ್ಡ್ ಹೊರಗೆ, ಎಸ್‌ಎಸ್‌ಡಿ ಹೊರಗೆ, ಹಾರ್ಡ್‌ಡಿಸ್ಕಿನ ಕೇಬಲ್ಲೂ ಹೊರಗೆ. ಪ್ರೊಸೆಸರ್, ಅದರ ಫ್ಯಾನು, ಒಂದೇ ಒಂದು ರ್‍ಯಾಮ್, ಕೀಬೋರ್ಡ್, ಮಾನಿಟರ್ ಇಷ್ಟೇ ಇರಲಿ. ಮಾನಿಟರಿನ ಕೇಬಲ್ ಬೋರ್ಡಿನ ಕಿಂಡಿಗೆ. ನಿನ್ನ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ಇಷ್ಟರಲ್ಲಿ ಬಯೋಸ್ ಪರದೆ ಬರಲೇಬೇಕು. ಬಂದರೆ ಒಂದು ಸಾಮಾನು ಸೇರಿಸು, ಆನ್ ಮಾಡು, ನೋಡು, ಪುಸ್ತಕದಲ್ಲಿ ಬರೆದುಕೋ. ಮತ್ತೆ ಆಫ್ ಮಾಡಿ ಇನ್ನೊಂದು. ಎರಡನ್ನು ಒಟ್ಟಿಗೆ ಸೇರಿಸುವ ಆಸೆ ಬರುತ್ತದೆ, ತಡೆದುಕೋ.

ನೀನು ಡಿಸ್‌ಪ್ಲೇ ಬರಿಸಿದ ಬಗೆಯನ್ನೇ ನೋಡು. ಹಳೇ ರ್‍ಯಾಮ್ ತೆಗೆದದ್ದಕ್ಕೆ ಬಂತೋ, ಸೆಲ್ ಬಿಚ್ಚಿದ್ದಕ್ಕೆ ಬಂತೋ, ರ್‍ಯಾಮ್‌ಗಳನ್ನು ಕಿತ್ತು ಮತ್ತೆ ಒತ್ತಿ ಕೂರಿಸಿದ್ದಕ್ಕೆ ಬಂತೋ? ಮೂರೂ ಒಟ್ಟಿಗೆ ಆದವು. ಕೆಲಸ ಆಯಿತು, ಕಾರಣ ಸಿಕ್ಕಲಿಲ್ಲ. ಕಾರಣ ಸಿಕ್ಕದೆ ಸರಿಹೋದದ್ದು ಮತ್ತೆ ಯಾವಾಗ ಬೇಕಾದರೂ ತಿರುಗಿ ಬರಬಹುದು.

ನನ್ನ ಊಹೆ ರ್‍ಯಾಮ್ ಪೂರ್ತಿ ಕೂತಿರಲಿಲ್ಲವೆಂದು. ನಿನ್ನ ಮೊದಲ ಫೋಟೋದಲ್ಲಿ ಒಂದು ಕಡೆಯ ಕೊಂಡಿ ಒಂದಿಷ್ಟು ಹೊರಗೆ ವಾಲಿದೆ. ರ್‍ಯಾಮನ್ನು ಎರಡೂ ತುದಿಯಲ್ಲಿ ಹೆಬ್ಬೆರಳಿಟ್ಟು ನೇರವಾಗಿ ಒತ್ತಬೇಕು, ಟಕ್ ಎಂದು ಕೊಂಡಿ ತಾನೇ ಮುಚ್ಚಿಕೊಳ್ಳಬೇಕು. ಹೊಸಬರು ಬೋರ್ಡ್ ಮುರಿದೀತೆಂದು ಹೆದರಿ ಅರ್ಧಕ್ಕೆ ಬಿಡುತ್ತಾರೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ರ್‍ಯಾಮ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಖಚಿತಕ್ಕೆ ಬೋರ್ಡಿನ ಪುಸ್ತಕ ನೋಡು. ಹಳೇ ರ್‍ಯಾಮಿನ ಚಿನ್ನದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮ ಕಡೆಯ ಎಲ್ಲ ಮೆಕ್ಯಾನಿಕ್‌ಗಳ ಕೈಮದ್ದು. ಕಿಲುಬು ಹೋಗುವುದು ನಿಜ. ಆದರೆ ಮೆತ್ತಗಿನ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಸ್ವಲ್ಪವೂ ಉಳಿಯದಂತೆ ಒರೆಸಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಸಿಕ್ಕರೆ ಅದು ಇನ್ನೂ ಮೇಲು. ಹೊಸ ರ್‍ಯಾಮಿಗೆ ಇದ್ಯಾವುದೂ ಬೇಡ.

ಡಬ್ಬಿಯ ಮೇಲೆ 3200 ಎಂದಿದೆ, ಟಾಸ್ಕ್ ಮ್ಯಾನೇಜರಿನಲ್ಲಿ 2400 ಎಂದು ತೋರಿಸುತ್ತದೆ, ಮೋಸ ಹೋದೆನೇ ಎಂದು ಕೇಳಿದ್ದೀಯ. ಹೋಗಿಲ್ಲ. ನಿನ್ನ ಪ್ರೊಸೆಸರಿಗೆ ಕೊಟ್ಟಿರುವ ಡಿಡಿಆರ್4 ವೇಗದ ಮಿತಿಯೇ 2400. ವೇಗದ ರ್‍ಯಾಮ್ ಆ ಮಿತಿಗೆ ಇಳಿದು ಓಡುತ್ತದೆ, ಅದರಿಂದ ಯಾವ ಕೇಡೂ ಇಲ್ಲ. ಒಂದು ರಾತ್ರಿ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ಓಡಿಸಿ ಮಲಗು. ಬೆಳಿಗ್ಗೆ ಎದ್ದಾಗ ಒಂದೇ ಒಂದು ಎರರ್ ಇದ್ದರೂ ಆ ರ್‍ಯಾಮನ್ನು ಬಿಲ್ಲಿನ ಜೊತೆ ವಾಪಸು ಕೊಡು. ರ್‍ಯಾಮಿನ ವಿಷಯದಲ್ಲಿ "ಸ್ವಲ್ಪ ಎರರ್" ಎಂಬುದಿಲ್ಲ. ಲೆಕ್ಕದ ಫೈಲಿನಲ್ಲಿ ಒಂದು ಅಂಕಿ ಬದಲಾದರೂ ನಿಮ್ಮಪ್ಪನಿಗೆ ತಿಳಿಯುವುದು ತಿಂಗಳ ಕೊನೆಗೆ.

ನೀಲಿ ಪರದೆಯ ವಿಷಯ ಓದಿ ನನಗೆ ಮರುಕವಾಯಿತು, ಏಕೆಂದರೆ ವಿಂಡೋಸ್ ಹೊಸದಾಗಿ ಹಾಕುವ ಅಗತ್ಯವೇ ಇರಲಿಲ್ಲ. ಪರದೆಯ ಮೇಲೆ 'ಇನಾಕ್ಸೆಸಿಬಲ್ ಬೂಟ್ ಡಿವೈಸ್' ಎಂದಿತ್ತು. ಸಿಆರ್2032 ಸೆಲ್ ತೆಗೆದರೆ ಬಯೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಮರೆತು ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಯಂತ್ರ ಜೋಡಿಸಿದವರು 2017ರಲ್ಲಿ ಡಿಸ್ಕಿನ ಸಾಟಾ ಮೋಡನ್ನು ಬೇರೆಯಾಗಿ ಇಟ್ಟಿದ್ದಿರಬೇಕು. ವಿಂಡೋಸ್ ಆ ಮೋಡಿಗೆ ತಕ್ಕ ಡ್ರೈವರ್ ಇಟ್ಟುಕೊಂಡು ಎದ್ದೇಳುವುದನ್ನು ಕಲಿತಿತ್ತು. ಮೋಡ್ ಬದಲಾದಾಗ ಡಿಸ್ಕ್ ಕಣ್ಣೆದುರಿಗಿದ್ದರೂ ಓದಲು ಬರಲಿಲ್ಲ. ಬಯೋಸಿಗೆ ಹೋಗಿ ಸಾಟಾ ಮೋಡನ್ನು ಎಎಚ್‌ಸಿಐಯಿಂದ ರೇಡ್‌ಗೋ, ರೇಡ್‌ನಿಂದ ಎಎಚ್‌ಸಿಐಗೋ ತಿರುಗಿಸಿದ್ದರೆ ಹಳೇ ವಿಂಡೋಸ್ ಹಾಗೆಯೇ ಎದ್ದಿರುತ್ತಿತ್ತು. ಹಳೇ ಡಿಸ್ಕುಗಳಲ್ಲಿ ಇನ್ನೊಂದು ಇದೇ ಜಾತಿಯ ತೊಡಕಿದೆ. ವಿಂಡೋಸನ್ನು ಲೆಗಸಿ ಕ್ರಮದಲ್ಲಿ ಹಾಕಿದ್ದು, ಬಯೋಸ್ ಯುಇಎಫ್‌ಐ ಮಾತ್ರ ಎಂಬಲ್ಲಿಗೆ ಮರಳಿದ್ದರೆ ಬೂಟ್ ಡಿಸ್ಕೇ ಇಲ್ಲವೆನ್ನುತ್ತದೆ. ಅದಕ್ಕೇ ಸೆಲ್ಲಿಗೆ ಕೈ ಹಾಕುವ ಮೊದಲು ಬಯೋಸಿನ ಪ್ರತಿಯೊಂದು ಪುಟದ ಫೋಟೋ ತೆಗೆಯಬೇಕು. ಮುಂದಿನ ಸಲಕ್ಕೆ ಇದನ್ನು ನೆನಪಿಡು. ನಿನ್ನ ಗೆಳತಿಯರ ಯಂತ್ರ ಬಿಚ್ಚುವುದಾದರೆ ಬಿಟ್‌ಲಾಕರ್ ಆನ್ ಇದೆಯೇ ಎಂದು ಕೇಳಿ, 48 ಅಂಕಿಯ ರಿಕವರಿ ಕೀ ಬರೆದುಕೊಂಡ ಮೇಲೆಯೇ ಬಯೋಸ್ ಮುಟ್ಟು.

ಆ ಸೆಲ್ಲನ್ನು ಹೇಗೂ ಬದಲಿಸಿಬಿಡು. ಎಂಟು ವರ್ಷಕ್ಕೂ ಹಿಂದಿನದು. ಹೊಸದು 3 ವೋಲ್ಟ್ ಕೊಡುತ್ತದೆ, ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಕಂಪ್ಯೂಟರಿನ ಗಡಿಯಾರ ಹಿಂದುಳಿದು ವೆಬ್‌ಸೈಟುಗಳೆಲ್ಲ ಸರ್ಟಿಫಿಕೇಟ್ ಸರಿಯಿಲ್ಲವೆಂದು ತಕರಾರು ತೆಗೆದರೆ ಅದು ವೈರಸ್ಸೂ ಅಲ್ಲ, ಇಂಟರ್‌ನೆಟ್ಟಿನ ದೋಷವೂ ಅಲ್ಲ, ಈ ಸೆಲ್ಲು.

ಹಾರ್ಡ್‌ಡಿಸ್ಕ್ ಕಾಣೆಯಾಗಿ, ಕೇಬಲ್ಲನ್ನು ಬೇರೆ ಕಿಂಡಿಗೆ ಹಾಕಿದ ಮೇಲೆ ಕಾಣಿಸಿಕೊಂಡಿತೆಂದು ಬರೆದಿದ್ದೀಯಲ್ಲ, ಅದನ್ನು ನೀನೇ ಕಂಡುಹಿಡಿದದ್ದು ನನಗೆ ಬಹಳ ಸಂತೋಷ. ಕಾರಣ ಇದು: ಅನೇಕ ಬೋರ್ಡುಗಳಲ್ಲಿ ಎಂ.2 ಸ್ಲಾಟೂ ಒಂದೆರಡು ಸಾಟಾ ಕಿಂಡಿಗಳೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಎಂ.2ರಲ್ಲಿ ಡ್ರೈವ್ ಕೂತರೆ ಆ ಸಾಟಾ ಕಿಂಡಿ ಸತ್ತಂತೆ. ಯಾವ ಕಿಂಡಿ ಎಂಬುದು ಬೋರ್ಡಿನ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಈಗ ತಾತನ ಫೈಲುಗಳು. ನಿನ್ನ ಗಾಬರಿ ನನಗೆ ಅರ್ಥವಾಗುತ್ತದೆ. ಊರ ಕೆರೆಯ ಚರಿತ್ರೆಯನ್ನು ತಾತ ಹಳಬರನ್ನೆಲ್ಲ ಕೇಳಿ ಕೇಳಿ ಬರೆದದ್ದು. ಕೈಬರಹದ ಪ್ರತಿ ಗೆದ್ದಲಿಗೆ ಹೋಯಿತು, ಉಳಿದಿರುವುದು ಆ ಡಿಸ್ಕಿನಲ್ಲಿರುವುದು ಮಾತ್ರ. ಡಿಸ್ಕ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಅದನ್ನು ಟೈಪ್ ಮಾಡಿಸಿದ್ದು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ. ಯೂನಿಕೋಡ್ ಎಲ್ಲೆಡೆ ಬಳಕೆಗೆ ಬರುವ ಮೊದಲು ನುಡಿ, ಬರಹ ಇವೆಲ್ಲ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಅಕ್ಷರದ ಚೂರುಗಳನ್ನು ಕೂರಿಸಿಕೊಂಡಿದ್ದವು. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇಲ್ಲ, ಹಾಗಾಗಿ ಬರೀ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಹಾಕಿಕೊಂಡರೆ ತಾತನ ವಾಕ್ಯಗಳು ಹಾಗೇ ಎದುರಿಗೆ ಬರುತ್ತವೆ. ಆಮೇಲೆ ಅದನ್ನು ಯೂನಿಕೋಡಿಗೆ ಪರಿವರ್ತಿಸು. ಪರಿವರ್ತಕಗಳು ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ, ಆದ್ದರಿಂದ ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದು. ಅಷ್ಟರಲ್ಲಿ ಆ ಡಿಸ್ಕಿನ ಮೇಲೆ ಬೇರೇನನ್ನೂ ಬರೆಯಬೇಡ. ಅಷ್ಟು ವರ್ಷ ತಿರುಗಿದ ಡಿಸ್ಕು ಅದು. ಬೇರೆ ಯಾವ ಪ್ರಯೋಗಕ್ಕೂ ಮೊದಲು ಆ ಫೋಲ್ಡರನ್ನು ಎರಡು ಕಡೆ ಕಾಪಿ ಮಾಡಿ, ಒಂದು ಪ್ರತಿಯನ್ನು ನನಗೆ ಮೇಲ್ ಮಾಡು.

ಉಳಿದದ್ದು ತಟಕ್ಕನೆ ಆಫ್ ಆಗುವುದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಹಣ ಖರ್ಚಾಗುವುದು ಇಲ್ಲಿಯೇ, ತಪ್ಪು ಸಾಮಾನಿನ ಮೇಲೆ ಖರ್ಚಾಗುವುದೂ ಇಲ್ಲಿಯೇ. ಈವೆಂಟ್ ವ್ಯೂಅರ್ ತೆರೆದು 'ಕರ್ನಲ್ ಪವರ್ 41' ಎಂಬ ಸಾಲು ನೋಡಿ, ಅದೇ ರೋಗದ ಹೆಸರೆಂದುಕೊಂಡಿದ್ದೀಯ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದಷ್ಟೇ ಅದರ ಅರ್ಥ. ಕರೆಂಟು ಹೋದರೂ ಅದೇ ಸಾಲು, ನೀನು ಬಟನ್ ಒತ್ತಿ ಹಿಡಿದರೂ ಅದೇ ಸಾಲು.

ಗಮನಿಸಬೇಕಾದದ್ದು ಬೇರೆ. ಆಫ್ ಆಗುವಾಗ ಮಾನಿಟರ್ ಏನು ಮಾಡುತ್ತದೆ? ಮಾನಿಟರೂ ಒಟ್ಟಿಗೇ ಆರಿ, ಯುಪಿಎಸ್ ಕಿರುಚಿಕೊಂಡರೆ ಭಾರ ತಾಳದೆ ಕೈಬಿಟ್ಟದ್ದು ಯುಪಿಎಸ್. ಮಾನಿಟರ್ ಉರಿಯುತ್ತಲೇ ಇದ್ದು 'ನೋ ಸಿಗ್ನಲ್' ಎಂದರೆ ಯುಪಿಎಸ್ ಕರೆಂಟು ಕೊಡುತ್ತಲೇ ಇದೆ, ಎಸ್‌ಎಂಪಿಎಸ್ ಕೈಬಿಟ್ಟಿದೆ. ಬಿಸಿಯಿಂದ ಆಫ್ ಆಗುವುದಾದರೆ ಹೊತ್ತು ಹಿಡಿಯುತ್ತದೆ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋದಾಗ ಮೊದಲು ವೇಗ ಇಳಿಸಿಕೊಂಡು ಒದ್ದಾಡುತ್ತದೆ, ಕೊನೆಗೆ ನಿಲ್ಲುತ್ತದೆ. ನಿನ್ನದು ಎಡಿಟಿಂಗ್ ಶುರುವಾದ ಕ್ಷಣಕ್ಕೇ ಬೀಳುತ್ತದೆ, ಮಾನಿಟರ್ ಮೇಲೆ 'ನೋ ಸಿಗ್ನಲ್' ಇರುವ ಫೋಟೋವನ್ನು ನೀನೇ ಕಳಿಸಿದ್ದೀಯ. ಹಾಗಾಗಿ ನನ್ನ ಬೆರಳು ಎಸ್‌ಎಂಪಿಎಸ್ ಕಡೆಗೆ.

ಅದರ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿದೆ. ಆ ದೊಡ್ಡ ಅಂಕಿಯನ್ನು ಬಿಟ್ಟು ಕೆಳಗಿನ ಪಟ್ಟಿ ಓದು. ನಿನ್ನ ಫೋಟೋವನ್ನು ಹಿಗ್ಗಿಸಿ ನೋಡಿದೆ: 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್. ಹನ್ನೆರಡನ್ನು ಹದಿನಾರರಿಂದ ಗುಣಿಸು, 192 ವ್ಯಾಟ್. ಉಳಿದ ವ್ಯಾಟೆಲ್ಲ 5 ಮತ್ತು 3.3 ವೋಲ್ಟಿನ ಸಾಲುಗಳದ್ದು, ಇವತ್ತಿನ ಯಂತ್ರಕ್ಕೆ ಅವುಗಳ ಅಗತ್ಯ ಕಡಿಮೆ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು 12 ವೋಲ್ಟನ್ನೇ. ಆರ್‌ಎಕ್ಸ್ 580 ಪೂರ್ತಿ ದುಡಿದಾಗ 185 ವ್ಯಾಟ್, ನಿನ್ನ ಪ್ರೊಸೆಸರ್ ಸುಮಾರು 65. ಎರಡೇ ಸೇರಿ 250. ಇರುವುದು 192. ಲೆಕ್ಕ ಇಲ್ಲಿಗೇ ಮುಗಿಯಿತು ಮಗಳೇ. ಕಾರ್ಡ್ ಕೆಟ್ಟಿಲ್ಲ, ಮಾರಿದವನು ಮೋಸ ಮಾಡಿಲ್ಲ. ಅವನಿಗೆ ಫೋನ್ ಮಾಡಿ ಒಂದು ಒಳ್ಳೆಯ ಮಾತು ಹೇಳು.

ಅದಕ್ಕಿಂತ ನನಗೆ ಹೆದರಿಕೆಯಾದದ್ದು ಇನ್ನೊಂದು ಫೋಟೋ. ಕಾರ್ಡಿಗೆ 8 ಪಿನ್ನಿನ ಪವರ್ ಕೇಬಲ್ ಬೇಕು, ನಿನ್ನ ಎಸ್‌ಎಂಪಿಎಸ್‌ನಲ್ಲಿ ಅದು ಇಲ್ಲ. ಅಂಗಡಿಯವರು ನಾಲ್ಕು ಪಿನ್ನಿನ ಹಳೇ ಮೊಲೆಕ್ಸ್ ಕನೆಕ್ಟರಿನಿಂದ 8 ಪಿನ್ನಿಗೆ ಒಂದು ಜೋಡಣೆ ವೈರ್ ಕೊಟ್ಟಿದ್ದಾರೆ. ಕಾರ್ಡ್ ಕೂರುವ ಸ್ಲಾಟ್ ಕೊಡಬಲ್ಲದ್ದು 75 ವ್ಯಾಟ್, 8 ಪಿನ್ನಿನ ಕೇಬಲ್ಲಿಗೆ ಗೊತ್ತುಮಾಡಿರುವುದು 150. ಒಂದು ಕೇಬಲ್ಲಿನ ಎರಡು ಮೊಲೆಕ್ಸ್‌ನಿಂದ ಆ 150ನ್ನು ಎಳೆದರೆ ಸಪೂರ ವೈರು ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಎಸ್‌ಎಂಪಿಎಸ್ ಒಂದು ಸಲವಲ್ಲ, ಪ್ರತಿ ಸಲವೂ ಆಫ್ ಆಗಿ ನಿನ್ನನ್ನು ಕಾಪಾಡಿದೆ. ಇನ್ನು ಆ ವೈರಿನಲ್ಲಿ ಪ್ರಯೋಗ ಬೇಡ. ಹೊಸ ಎಸ್‌ಎಂಪಿಎಸ್ ಬರುವವರೆಗೆ ಕಾರ್ಡನ್ನು ಅದರ ಡಬ್ಬಿಯಲ್ಲಿಟ್ಟು, ಬೋರ್ಡಿನ ಗ್ರಾಫಿಕ್ಸ್‌ನಲ್ಲೇ ಕೆಲಸ ಮಾಡು. ನಿಮ್ಮಪ್ಪನ ಲೆಕ್ಕಕ್ಕೆ ಅದು ಧಾರಾಳ, ನಿನ್ನ ಚಿಕ್ಕ ವಿಡಿಯೋಗಳಿಗೂ ನಡೆಯುತ್ತದೆ.

ಹೊಸದು ತರುವಾಗ 550 ವ್ಯಾಟಿನದು ಸಾಕು. 80 ಪ್ಲಸ್ ಬ್ರಾಂಜ್ ಗುರುತು ಇರಲಿ, 8 ಪಿನ್ನಿನ ಪಿಸಿಐಇ ಕೇಬಲ್ ಅದರದ್ದೇ ಆಗಿರಲಿ, ಪಟ್ಟಿಯಲ್ಲಿ 12 ವೋಲ್ಟಿನ ವ್ಯಾಟು ಒಟ್ಟು ವ್ಯಾಟಿನ ಹತ್ತಿರ ಹತ್ತಿರ ಇರಲಿ. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಮಾದರಿಯಾದರೆ ಅದರ ಡಬ್ಬಿಯಲ್ಲಿ ಬಂದ ಕೇಬಲ್ಲುಗಳನ್ನೇ ಬಳಸು. ಇನ್ನೊಂದು ಕಂಪನಿಯ ಕೇಬಲ್ ನೋಡಲು ಒಂದೇ ಥರ ಇದ್ದರೂ ಒಳಗಿನ ಪಿನ್ನಿನ ಕ್ರಮ ಬೇರೆ, ಡಿಸ್ಕು ಬೋರ್ಡು ಎಲ್ಲ ಸುಟ್ಟುಹೋಗುತ್ತವೆ. ಹಳೇ ಎಸ್‌ಎಂಪಿಎಸ್ಸನ್ನು ಕುತೂಹಲಕ್ಕೂ ಬಿಚ್ಚಬೇಡ. ಅದರೊಳಗಿನ ದೊಡ್ಡ ಕೆಪಾಸಿಟರ್ 325 ವೋಲ್ಟಿನವರೆಗೆ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಬೇರೆ ಎಲ್ಲವನ್ನೂ ಬಿಚ್ಚು ಎಂದವಳು ನಾನು, ಇದೊಂದನ್ನು ಬೇಡವೆನ್ನುತ್ತೇನೆ.

ಆಮೇಲೆ ಯುಪಿಎಸ್. 600 ವಿಎ ಎಂದು ಬರೆದಿದೆ, ಅದರ ಕೆಳಗೆ 360 ವ್ಯಾಟ್. ಪೂರ್ತಿ ದುಡಿಯುವಾಗ ಯಂತ್ರದ ಒಳಗೆ ಸುಮಾರು 300 ವ್ಯಾಟ್ ಖರ್ಚಾಗುತ್ತದೆ ಎಂದುಕೋ. ಎಸ್‌ಎಂಪಿಎಸ್‌ನ ದಕ್ಷತೆ ಶೇಕಡಾ 80 ಎಂದರೆ ಹೊರಗಿನಿಂದ ಎಳೆಯುವುದು 375. ಅದರ ಮೇಲೆ ಮಾನಿಟರ್. ಅಂದರೆ ಎಸ್‌ಎಂಪಿಎಸ್ ಸರಿಹೋದ ಮರುದಿನ ಯುಪಿಎಸ್ ಕೈಬಿಡಲು ಶುರುಮಾಡುತ್ತದೆ, ಆಗ ನೀನು ಹೊಸ ಎಸ್‌ಎಂಪಿಎಸ್ಸನ್ನು ಅನುಮಾನಿಸುತ್ತೀಯ. ಈಗಲೇ ತಿಳಿದಿರಲಿ. 1000 ವಿಎ ಸುತ್ತಮುತ್ತಲಿನದು ತರುವಷ್ಟು ಹಣ ಕೂಡುವವರೆಗೆ, ಕರೆಂಟು ಸ್ಥಿರವಾಗಿರುವ ಹೊತ್ತಿನಲ್ಲಿ ಗೋಡೆಯ ಪ್ಲಗ್ಗಿನಿಂದ ನೇರವಾಗಿ ಎಡಿಟಿಂಗ್ ಮಾಡಿಕೋ. ಅದೂ ಅರ್ಥಿಂಗ್ ಸರಿಯಾದ ಮೇಲೆ.

ಪ್ರೊಸೆಸರ್ ಬದಲಿಸುವ ಯೋಚನೆಯನ್ನೂ ಬರೆದಿದ್ದೀಯ. ಈ ಬೋರ್ಡಿಗೆ ಇನ್ನು ಹಣ ಹಾಕಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಪಟ್ಟಿಯಲ್ಲಿ ನಿನ್ನ ಏಳನೇ ತಲೆಮಾರಿನ ಐ5 ಇಲ್ಲ. ಇಂದಲ್ಲ ನಾಳೆ ಬೋರ್ಡ್, ಪ್ರೊಸೆಸರ್ ಒಟ್ಟಿಗೆ ಬದಲಾಗಬೇಕು. ಈಗ ತಂದಿರುವ ಎಸ್‌ಎಸ್‌ಡಿ, ಕಾರ್ಡ್, ಮುಂದೆ ತರುವ ಎಸ್‌ಎಂಪಿಎಸ್ ಆಗಲೂ ಕೆಲಸಕ್ಕೆ ಬರುತ್ತವೆ. ನೀನು ಖರ್ಚು ಮಾಡಿದ್ದು ಪೋಲಾಗಿಲ್ಲ ಎಂದು ನಿಮ್ಮಪ್ಪನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಅಮ್ಮನಿಗೆ ನನ್ನ ನೆನಪು ಹೇಳು. ಎಸ್‌ಎಂಪಿಎಸ್‌ನ ಹಣಕ್ಕೆ ನಿಮ್ಮಪ್ಪನ ಹತ್ತಿರ ಕೇಳಬೇಡ, ನಾನು ಕಳಿಸುತ್ತೇನೆ. ಆದರೆ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿ, ಮೀಟರಿನಲ್ಲಿ ಬಂದ ಎರಡು ಅಂಕಿಗಳನ್ನು ನೀನು ನನಗೆ ಬರೆದು ಕಳಿಸಿದ ಮೇಲೆಯೇ ಕಳಿಸುವುದು. ಅಲ್ಲಿಯವರೆಗೆ ಕ್ಯಾಬಿನೆಟ್ಟನ್ನು ಪ್ಲಗ್ಗಿಗೆ ಹಾಕಬೇಡ.

ಇಂತಿ,
ನಿನ್ನ ಅತ್ತೆ